ವೆಬ್ ಹೋಸ್ಟಿಂಗ್ (ಉಚಿತ ಮತ್ತು ಅಗ್ಗದ)

ಜಾಲತಾಣದ ಪುಟಗಳನ್ನು ಸದಾ ಚಾಲೂ ಇರುವ ಸರ್ವರಿನಲ್ಲಿ ಇರಿಸಿಕೊಡುವ ಸೇವೆ. 1994ರಲ್ಲಿ ಶುರುವಾದ ಜಿಯೋಸಿಟೀಸ್ ಉಚಿತ ತಾಣಗಳನ್ನು ಜನಪ್ರಿಯಗೊಳಿಸಿತು. ಯಾಹೂ ಅದನ್ನು 1999ರಲ್ಲಿ ಕೊಂಡು 2009ರಲ್ಲಿ ಮುಚ್ಚಿತು. ಪುಕ್ಕಟೆ ಜಾಗದ ದೊಡ್ಡ ಅಪಾಯವೇ ಇದು: ಯಜಮಾನ ಎದ್ದು ಹೋದರೆ ಒಕ್ಕಲೂ ಏಳಬೇಕು. ಆದ್ದರಿಂದ ಪುಟಗಳ ಪ್ರತಿ ಸ್ವಂತ ಕಂಪ್ಯೂಟರಿನಲ್ಲಿ ಇರಲೇಬೇಕು.

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ರಾಯಬಾಗ ಸೀಮೆಯ ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ ಈ ಚಿಂತೆಯಿಲ್ಲ; ಅವುಗಳ ತಾಣಗಳನ್ನು ರಾಜ್ಯದ ಪೌರಾಡಳಿತ ವ್ಯವಸ್ಥೆಯೇ ಒಂದೆಡೆ ನಡೆಸುತ್ತದೆ. ದಾರಿ ಹುಡುಕಬೇಕಾದವರು ಖಾಸಗಿಯವರು: ಅಥಣಿಯ ಚಪ್ಪಲಿ ಕುಶಲಕರ್ಮಿಗಳು, ನಿಪ್ಪಾಣಿಯ ವರ್ತಕರು, ಕಾಗವಾಡದ ಸಂಘಗಳು. ವಿಳಾಸ, ಬೆಲೆಪಟ್ಟಿ, ಕೆಲವು ಚಿತ್ರಗಳಷ್ಟೇ ಸಾಕಾದರೆ ಬ್ಲಾಗರ್, ವರ್ಡ್‌ಪ್ರೆಸ್.ಕಾಮ್ ಅಥವಾ 2008ರಲ್ಲಿ ಬಂದ ಗಿಟ್‌ಹಬ್ ಪೇಜಸ್ ಧಾರಾಳ. ಗಿಟ್‌ಹಬ್‌ನಲ್ಲಿ ಒಂದು ತಾಣಕ್ಕೆ 1 ಜಿಬಿ ಮಿತಿ. ಅದನ್ನು ಆನ್‌ಲೈನ್ ಅಂಗಡಿ ನಡೆಸಲು ಬಳಸುವಂತಿಲ್ಲ.

ಮಹಾರಾಷ್ಟ್ರಕ್ಕೆ ತಾಗಿದ ಈ ಗಡಿಭಾಗದಲ್ಲಿ ಗಿರಾಕಿ ಕನ್ನಡದವರೂ ಹೌದು, ಮರಾಠಿಯವರೂ ಹೌದು. ಪುಟ ಯೂನಿಕೋಡಿನಲ್ಲಿದ್ದರೆ ಎರಡೂ ಲಿಪಿ ಒಟ್ಟಿಗೆ ನಿಲ್ಲುತ್ತವೆ. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದನ್ನು ಮೊದಲು ಪರಿವರ್ತಿಸಬೇಕು; ಇಲ್ಲವಾದರೆ ಆ ಫಾಂಟಿಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟು ಬೇಕು, ಆದರೂ ಜಾಗ ತಿನ್ನುವುದು ಅಕ್ಷರಗಳಲ್ಲ, ಚಿತ್ರಗಳು.

ದುಡ್ಡು ಹಾಕುವುದಾದರೆ ಮೊದಲು ಸ್ವಂತ ಡೊಮೇನ್ ಹೆಸರಿಗೆ ಹಾಕುವುದು ಜಾಣತನ. ಹೋಸ್ಟಿಂಗ್ ಬದಲಿಸಿದರೂ ವಿಳಾಸ ಉಳಿಯುತ್ತದೆ. ಹೆಸರು ಮಾಲೀಕರ ಖಾತೆಯಲ್ಲೇ ನೋಂದಣಿಯಾಗಲಿ, ತಾಣ ಮಾಡಿಕೊಟ್ಟವರ ಖಾತೆಯಲ್ಲಲ್ಲ. ಮೊದಲ ವರ್ಷದ ರಿಯಾಯಿತಿಗಿಂತ ನವೀಕರಣದ ದರ ನೋಡಬೇಕು. ಸುರಕ್ಷತಾ ಪ್ರಮಾಣಪತ್ರಕ್ಕೆ ಪ್ರತ್ಯೇಕ ಹಣ ಕೇಳಿದರೆ ಕೊಡಬೇಕಿಲ್ಲ: ಲೆಟ್ಸ್ ಎನ್‌ಕ್ರಿಪ್ಟ್ ಅದನ್ನು 2015ರಿಂದ ಉಚಿತವಾಗಿ ನೀಡುತ್ತಿದೆ.