ಮೈಸೂರು ಲ್ಯಾನ್ಸರ್ಸ್: ಅಶ್ವಾರೋಹಿಯ ವಂಶಾನ್ವೇಷಣೆ

1918ರ ಸೆಪ್ಟೆಂಬರ್ 23ರಂದು ಕಾರ್ಮೆಲ್ ಪರ್ವತದ ಮೇಲಣ ಫಿರಂಗಿಗಳಿಗೆ ಎದೆಗೊಟ್ಟು, ಜೋಧಪುರದ ಅಶ್ವದಳದೊಡಗೂಡಿ ಹೈಫಾ ನಗರವನ್ನು ಜಯಿಸಿದ ಮೈಸೂರು ಲ್ಯಾನ್ಸರ್ಸ್ ಪಡೆಯ ಕೀರ್ತಿಯನ್ನು ದೆಹಲಿಯ ತೀನ್ ಮೂರ್ತಿಯೂ ಬೆಂಗಳೂರಿನ ಜೆ.ಸಿ. ನಗರದ ಸ್ಮಾರಕವೂ ಸಾರುತ್ತಿವೆಯಾದರೂ, ಭರ್ಜಿ ಹಿಡಿದ ಸಾಮಾನ್ಯ ಸವಾರನ ಬಾಲ್ಯ, ಕುಟುಂಬ, ಸಂತತಿಗಳ ವೃತ್ತಾಂತವನ್ನು ಶಿಲೆಯು ಹೇಳಲಾರದು.

ಮುಂಬಯಿಯ ಗೋರೆಗಾಂವಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅಂಥ ಯೋಧನ ವಂಶಜರಿದ್ದಲ್ಲಿ, ಹಿರಿಯರ ಪೆಟ್ಟಿಗೆಯಲ್ಲಿ ಉಳಿದಿರಬಹುದಾದ ಬೆಳ್ಳಿಯ ಯುದ್ಧಪದಕವನ್ನು ಮೊದಲು ಅರಸಬೇಕು. ಅದರ ಅಂಚಿನಲ್ಲಿ ಸೈನಿಕನ ಹೆಸರು, ದರ್ಜೆ, ಪಡೆ ಇವು ಕೆತ್ತಲ್ಪಟ್ಟಿರುತ್ತವೆ. ಈ ಕಿರಿದಾದ ಬರೆಹವೇ, ನಮ್ಮ ಮತದಲ್ಲಿ, ಶೋಧನೆಗೆ ಅತ್ಯಂತ ವಿಶ್ವಸನೀಯವಾದ ಆಧಾರ. ತರುವಾಯ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿರುವ ಮೈಸೂರು ಸಂಸ್ಥಾನದ ಕಡತಗಳನ್ನೂ, ವಿದೇಶದಲ್ಲಿ ಮಡಿದವನಾದರೆ ಕಾಮನ್‌ವೆಲ್ತ್ ಸಮರಸಮಾಧಿ ಆಯೋಗದ ದಾಖಲೆಗಳನ್ನೂ ಪರಿಶೀಲಿಸತಕ್ಕದ್ದು. ಆಯೋಗದ ದಾಖಲೆಗಳಲ್ಲಿ ಕೆಲವೆಡೆ ತಂದೆಯ ಹೆಸರೂ ಊರೂ ನಮೂದಾಗಿವೆ.