ಸಲಾಯಿನ್ ಅಂದ್ರ ಬರೀ ನೀರಲ್ಲ

(ಭಾಗ 1/5)
ಬ್ಯಾಡಗಿಯಿಂದ ಹಾವೇರಿಗೆ ದಿನಾ ಬಸ್ಸಿಗೆ ಬರೋರಿಗೆ ಮೆಣಸಿನಕಾಯಿ ಮಾರ್ಕೆಟ್ ಕಡೆ ಮಲಗಿರೋ ನಾಯಿಗಳೆಲ್ಲ ಪರಿಚಯ. ಅದರಾಗ ಕರಿಯ ನಮ್ಮ ಗ್ಯಾಂಗಿನ ನಾಯಿ. ಹೋದ ವರ್ಷ ವಾಂತಿ ಶುರುವಾಗಿ ನಾಲ್ಕು ದಿನ ಏನೂ ತಿನ್ನಲಿಲ್ಲ. ಆಟೋದಾಗ ರಾಣೇಬೆನ್ನೂರಿಗೆ ಒಯ್ದ್ವಿ. ಡಾಕ್ಟರು "ರಕ್ತ ಪರೀಕ್ಷೆ ಮಾಡಿಸ್ರಿ" ಅಂದ್ರು. ರೊಕ್ಕ ಉಳಿಸಾಕ ನಾವೇ ಹೇಳಿದ್ವಿ: "ಬ್ಯಾಡ್ರಿ ಸರ್, ಇನ್ನೊಂದು ಬಾಟ್ಲಿ ಸಲಾಯಿನ್ ಹಚ್ರಿ, ಸಾಕು." ಮೂರನೇ ದಿನ ಉಚ್ಚಿ ನಿಂತಿತು, ಕಾಲು ಬಾತವು, ಏದುಸಿರು ಬಿಡ್ತಾ ಕರಿಯ ಹೋದ.

ಅವನ ಕಿಡ್ನಿ ಮೊದಲೇ ಕೆಟ್ಟಿತ್ತೋ, ನಾವು ಹಚ್ಚಿಸಿದ್ದು ಹೆಚ್ಚಾಯ್ತೋ, ತಿಳಿಯೋ ದಾರಿಯನ್ನು ನಾವೇ ಮುಚ್ಚಿದ್ವಿ. ಆಮೇಲೆ ಈ ಬಾಟಲಿಯ ಇತಿಹಾಸ ಓದಿದೆ. ನೀವೂ ಓದ್ರಿ.

(ಭಾಗ 2/5)
1656. ವಿಜಯಪುರದಲ್ಲಿ ಗೋಲ ಗುಮ್ಮಟದ ಮೊಹಮ್ಮದ್ ಆದಿಲ್ ಶಾ ತೀರಿಕೊಂಡ ವರ್ಷ. ಅದೇ ವರ್ಷ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಕ್ರಿಸ್ಟೋಫರ್ ರೆನ್ ಒಂದು ಪ್ರಯೋಗ ಮಾಡಿದ. ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ ಕಟ್ಟಿದ ವಾಸ್ತುಶಿಲ್ಪಿ ಇವನೇ. ಹಕ್ಕಿಗರಿಯ ಕೊಳವೆಗೆ ಪ್ರಾಣಿಯ ಮೂತ್ರಕೋಶದ ಚೀಲ ಕಟ್ಟಿ, ರಕ್ತನಾಳದೊಳಗೆ ವೈನ್, ಅಫೀಮು ಹರಿಸಿದ. ಯಾರಿಗೆ ಗೊತ್ತಾ? ನಾಯಿಗೆ.

1817ರಲ್ಲಿ ಬಂಗಾಳದಿಂದ ಹೊರಟ ಕಾಲರಾ 1831ರಲ್ಲಿ ಬ್ರಿಟನ್ ಮುಟ್ಟಿತು. ಒ'ಶಾಗ್ನೆಸಿ ಎಂಬ ಹರೆಯದ ಡಾಕ್ಟರು ರೋಗಿಗಳ ರಕ್ತ ಪರೀಕ್ಷಿಸಿ, ಅದರಲ್ಲಿ ನೀರು ಮತ್ತು ಉಪ್ಪು ಕಡಿಮೆಯಾಗಿದೆ ಎಂದು ತೋರಿಸಿದರು. 1832ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲಟ್ಟಾ ಅದನ್ನು ಮಾಡಿಯೇ ನೋಡಿದರು. ಸಾಯುವ ಸ್ಥಿತಿಯಲ್ಲಿದ್ದ ಮುದುಕಿಗೆ ಉಪ್ಪುನೀರು ಏರಿಸಿದಾಗ ಆಕೆ ಚೇತರಿಸಿಕೊಂಡಳು. ಡಾಕ್ಟರು ಆಚೆ ಹೋದ ಮೇಲೆ ಮತ್ತೆ ಭೇದಿಯಾಗಿ ತೀರಿಕೊಂಡಳು. ಹಚ್ಚಿ ಬಿಟ್ಟರೆ ಆಗಲ್ಲ, ಪಕ್ಕದಲ್ಲಿ ಕೂತು ನೋಡಬೇಕು. ಮೊದಲ ಪಾಠ ಅದು.

ಒ'ಶಾಗ್ನೆಸಿ 1833ರಲ್ಲಿ ಕಲ್ಕತ್ತಕ್ಕೆ ಬಂದರು. ಭಾರತದಲ್ಲಿ ಟೆಲಿಗ್ರಾಫ್ ತಂತಿ ಎಳೆಸಿದವರೂ ಅವರೇ!

(ಭಾಗ 3/5)
ಬಾಟಲಿ ಮೇಲಿನ 'ಆರ್‌ಎಲ್' ಅಂದ್ರೆ ರಿಂಗರ್ ಲ್ಯಾಕ್ಟೇಟ್. 1880ರ ದಶಕದಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಲ್ಲಿ ಇಟ್ಟು ನೋಡ್ತಿದ್ದರು. ಅದು ಚೆನ್ನಾಗೇ ಬಡಿಯಿತು. ಆಮೇಲೆ ಗೊತ್ತಾಯ್ತು, ಸಹಾಯಕ ಶುದ್ಧ ನೀರಿನ ಬದಲು ನಲ್ಲಿ ನೀರು ಹಾಕಿದ್ದ. ನಲ್ಲಿ ನೀರಿನ ಕ್ಯಾಲ್ಸಿಯಂ ಹೃದಯ ನಡೆಸಿತ್ತು. 1932ರ ಹೊತ್ತಿಗೆ ಅಮೆರಿಕದ ಮಕ್ಕಳ ಡಾಕ್ಟರು ಅಲೆಕ್ಸಿಸ್ ಹಾರ್ಟ್‌ಮನ್ ಇದಕ್ಕೆ ಲ್ಯಾಕ್ಟೇಟ್ ಸೇರಿಸಿದರು. ಒಂದು ಚಿಟಿಕೆ ಲವಣ ಹೃದಯದ ಬಡಿತ ಬದಲಿಸುತ್ತೆ ಅಂದ್ರೆ, ಇದನ್ನ 'ಬರೀ ನೀರು' ಅನ್ನೋದು ಹ್ಯಾಂಗ?

(ಭಾಗ 4/5)
ಈಗ ಕಿಡ್ನಿಗೆ ಬರೋಣ. ಕಿಡ್ನಿ ಸುತ್ತ ಬಿಗಿಯಾದ ಪೊರೆ ಇರುತ್ತೆ. ದ್ರವ ಹೆಚ್ಚಾಗಿ ಕಿಡ್ನಿ ಊದಿಕೊಂಡರೆ ಹಿಗ್ಗೋಕೆ ಜಾಗ ಇಲ್ಲ. ಒಳಗಿನ ಒತ್ತಡ ಏರಿ ರಕ್ತದ ಹರಿವು ಕಡಿಮೆಯಾಗುತ್ತೆ.

ಎಷ್ಟು ಅನ್ನೋದು ಒಂದಾದ್ರೆ, ಯಾವುದು ಅನ್ನೋದು ಇನ್ನೊಂದು. ರಕ್ತನಾಳದಲ್ಲಿ ಹೆಚ್ಚು ಹೊತ್ತು ನಿಲ್ಲಲಿ ಅಂತ ಪಿಷ್ಟದಿಂದ ಮಾಡಿದ ಡ್ರಿಪ್ ಬಂತು, ಹೆಸರು 'ಹೆಟಾಸ್ಟಾರ್ಚ್'. ಇದನ್ನು ಹೊಗಳಿ ಬರೆಯುತ್ತಿದ್ದ ಜರ್ಮನಿಯ ಯೋಆಖಿಮ್ ಬೋಲ್ಟ್ ಅವರ ಹತ್ತಾರು ಲೇಖನಗಳನ್ನು 2011ರಲ್ಲಿ ಪತ್ರಿಕೆಗಳು ಹಿಂತೆಗೆದುಕೊಂಡವು. 2012ರಲ್ಲಿ ಎರಡು ದೊಡ್ಡ ಅಧ್ಯಯನಗಳು, ಈ ಜಾತಿಯ ಡ್ರಿಪ್ ಪಡೆದ ಐಸಿಯು ರೋಗಿಗಳಲ್ಲಿ ಡಯಾಲಿಸಿಸ್ ಬೇಕಾದವರು ಹೆಚ್ಚು ಅಂತ ತೋರಿಸಿದವು. 2013ರಲ್ಲಿ ಅಮೆರಿಕ ಕಟ್ಟೆಚ್ಚರ ಕೊಟ್ಟಿತು.

ನಾಯಿಗಳಿಗೆ? 2007ರಿಂದ 2010ರವರೆಗೆ ಚಿಕಿತ್ಸೆ ಪಡೆದ ನಾಯಿಗಳ ದಾಖಲೆ ತೆಗೆದು ನೋಡಿದ ಅಧ್ಯಯನ ಬಂದಿದ್ದು 2016ರಲ್ಲಿ. ಪಿಷ್ಟದ ಡ್ರಿಪ್ ಪಡೆದ ನಾಯಿಗಳಲ್ಲಿ ಕಿಡ್ನಿ ಹಾನಿ ಅಥವಾ ಸಾವಿನ ಅಪಾಯ ಹೆಚ್ಚಿತ್ತು. ಬೇರೆ ಕೆಲವು ಅಧ್ಯಯನಗಳಲ್ಲಿ ಅಂಥ ವ್ಯತ್ಯಾಸ ಕಂಡಿಲ್ಲ, ಚರ್ಚೆ ಇನ್ನೂ ಮುಗಿದಿಲ್ಲ. ಆದ್ರೆ ಒಂದು ನೋಡ್ರಿ: ಸೂಜಿ ಮೊದಲು ಚುಚ್ಚಿದ್ದು ನಾಯಿಗೆ, ಎಚ್ಚರಿಕೆ ತಡವಾಗಿ ಬಂದಿದ್ದೂ ನಾಯಿಗೆ.

(ಭಾಗ 5/5)
ಮೂರನೇದು, ಎಂಥದ್ದು ಅನ್ನೋದು. ಇದು ದೂರದ ಕಥೆ ಅಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಕಿಡ್ನಿ ಕೈಕೊಟ್ಟು ತೀರಿಕೊಂಡರು. ಅವರಿಗೆ ಹಚ್ಚಿದ್ದ ರಿಂಗರ್ ಲ್ಯಾಕ್ಟೇಟ್‌ನ ಗುಣಮಟ್ಟದ ಮೇಲೇ ಅನುಮಾನ ಬಂತು. ಸರ್ಕಾರ ಆ ಕಂಪನಿಯ ಬಾಟಲಿಗಳ ಬಳಕೆ ನಿಲ್ಲಿಸಿತು. ಮನುಷ್ಯರ ಆಸ್ಪತ್ರೆಯಲ್ಲೇ ಹಿಂಗಾದ್ರೆ, ಬೀದಿ ನಾಯಿಗೆ ಹಚ್ಚೋ ಬಾಟಲಿ ಬಗ್ಗೆ ಕೇಳೋರು ಯಾರು?

ಡ್ರಿಪ್ ಬ್ಯಾಡ ಅಂತ ನಾನು ಹೇಳ್ತಿಲ್ಲ. ಪಾರ್ವೋ ಬಂದ ಎಷ್ಟೋ ಮರಿಗಳು ಉಳಿಯೋದೇ ಅದರಿಂದ. ಕೆಟ್ಟ ಕಿಡ್ನಿಗೂ ಡಾಕ್ಟರು ಲೆಕ್ಕ ಹಾಕಿ ಅದನ್ನೇ ಕೊಡ್ತಾರೆ. ನಾವು ಬಿಕಾಂನವರು, ಲೆಕ್ಕ ನಮಗೆ ಹೊಸದಲ್ಲ: ಒಳಗೆ ಹೋದದ್ದೆಷ್ಟು, ಉಚ್ಚಿಯಾಗಿ ಹೊರಗೆ ಬಂದದ್ದೆಷ್ಟು, ಟ್ಯಾಲಿ ಆಗ್ಬೇಕು.

ನಾಯಿ ಒಯ್ದಾಗ ಇಷ್ಟು ಮಾಡ್ರಿ:
• ತೂಕ ಮಾಡಿಸ್ರಿ.
• ಕ್ರಿಯಾಟಿನಿನ್ ಟೆಸ್ಟ್ ಹೇಳಿದ್ರೆ ಮಾಡಿಸ್ರಿ. ಕಿಡ್ನಿಯ ಕೆಲಸ ಸುಮಾರು ಮುಕ್ಕಾಲು ಪಾಲು ಕುಂದೋವರೆಗೂ ಅದು ಏರದೇ ಇರಬಹುದು, ಏರಿದ್ರೆ ತಡ ಮಾಡಬ್ಯಾಡ್ರಿ.
• ಉಚ್ಚಿ ಹೊಯ್ತಾ, ಉಸಿರು ಜೋರಾಯ್ತಾ, ಕಾಲು ಬಾತವಾ, ಪಕ್ಕದಾಗ ಕೂತು ನೋಡಿ ಡಾಕ್ಟರಿಗೆ ಹೇಳ್ರಿ.
• ಮನೆಯ ನೋವಿನ ಮಾತ್ರೆ ಕೊಡಬ್ಯಾಡ್ರಿ, ಅದೂ ಕಿಡ್ನಿ ಕೆಡಿಸುತ್ತೆ.
• "ಇನ್ನೊಂದು ಬಾಟ್ಲಿ ಹಚ್ರಿ" ಅಂತ ನೀವೇ ಹೇಳಬ್ಯಾಡ್ರಿ.

ಕೊನೇದನ್ನ ನಾನು ಹೇಳಿದ್ದೆ. ಅದಕ್ಕ ಇಷ್ಟೆಲ್ಲ ಬರೆದೆ. ನಾಯಿಗೆ ಅನ್ನ ಹಾಕೋ ಒಬ್ಬ ದೋಸ್ತಿಗಾದ್ರೂ ಕಳಿಸ್ರಿ.

#ಹಾವೇರಿ #ರಾಣೇಬೆನ್ನೂರು #ಬ್ಯಾಡಗಿ #ಬಾಟಲಿಯ_ಇತಿಹಾಸ #ಕರಿಯ