ಶಿವರಾತ್ರಿ ಕಳೆದ ಮೇಲೆ ಬೀಳುವ ಹಿಮ

2018ರ ಫೆಬ್ರವರಿ 21ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ತಾಪಮಾನ 78 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು. ನಮ್ಮ ಲೆಕ್ಕದಲ್ಲಿ 25 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ. ಆ ಊರು ಫೆಬ್ರವರಿಯಲ್ಲಿ ಅಷ್ಟು ಸೆಕೆಯನ್ನು ಅದುವರೆಗೆ ಕಂಡಿರಲಿಲ್ಲ. ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮ ಫೋನಿನಲ್ಲಿ, "ಅಣ್ಣಾ, ಈ ಸಲದ ಚಳಿಗಾಲ ಮುಗಿದ ಹಾಗೇ. ಸಲಿಕೆ ಒಳಗಿಟ್ಟುಬಿಟ್ಟೆ" ಅಂದ. ಶಿವರಾತ್ರಿ ಕಳೆದು ವಾರವಾಗಿತ್ತು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಎಂಬ ಮಾತನ್ನು ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಕೇಳಿ ಬೆಳೆದವರು.

ಮಾರ್ಚ್ 2, 7, 13, 21. ಮೂರೇ ವಾರದಲ್ಲಿ ನಾಲ್ಕು ಬಿರುಗಾಳಿ ಆ ಕರಾವಳಿಗೆ ಬಂದವು. ಏಳನೇ ತಾರೀಖಿನದು ನ್ಯೂಜೆರ್ಸಿಯ ಒಳನಾಡಿನಲ್ಲಿ ಮೊಣಕಾಲು ಮುಚ್ಚುವಷ್ಟು ಹಿಮ ಸುರಿಯಿತು. ಮಾರ್ಚಿನ ಹಿಮ ಜನವರಿಯದರಂತೆ ಹತ್ತಿಯ ಹಾಗೆ ಹಾರುವುದಿಲ್ಲ, ತೊಯ್ದು ಅಂಟುತ್ತದೆ. ಹತ್ತು ಅಂಗುಲ ಹಿಮ ಕರಗಿದರೆ ಒಂದಂಗುಲ ನೀರು ಎಂಬುದು ಸ್ಥೂಲ ಲೆಕ್ಕ. ಒಂದಂಗುಲ ನೀರೆಂದರೆ ಚದರ ಮೀಟರಿಗೆ 25 ಕಿಲೋ, ಅಂದರೆ ಅಂಗಡಿಯಲ್ಲಿ ಸಿಗುವ ಒಂದು ಅಕ್ಕಿಚೀಲ. ಕಾರು ನಿಲ್ಲಿಸುವ ನಲವತ್ತು ಚದರ ಮೀಟರ್ ಜಾಗ ಬಿಡಿಸಿಕೊಳ್ಳಲು ನಲವತ್ತು ಚೀಲ ಅಕ್ಕಿ ಎತ್ತಿಹಾಕಬೇಕು. ತಮ್ಮ ಎತ್ತಿದ. ಕರೆಂಟಿಲ್ಲದ ಮನೆಯಲ್ಲಿ ಕಂಬಳಿ ಹೊದ್ದು ಎರಡು ದಿನ ಮಲಗಿದ.

ಬೆಚ್ಚನೆಯ ಚಳಿಗಾಲದ ಕೊನೆಗೆ ಇಂಥದ್ದು ಬರುವ ಸಂಭವ ಎಷ್ಟು? ಅಮೆರಿಕದ ಈಶಾನ್ಯ ಕರಾವಳಿ ಈ ಪ್ರಶ್ನೆಯನ್ನು ನೂರಮೂವತ್ತು ವರ್ಷಕ್ಕೂ ಮಿಕ್ಕಿ ಕೇಳುತ್ತ ಬಂದಿದೆ. ಪೆನ್ಸಿಲ್ವೇನಿಯದ ಪಂಕ್ಸಟಾನಿ ಎಂಬ ಊರಿನವರು 1887ರಿಂದ ಪ್ರತಿ ಫೆಬ್ರವರಿ 2ರಂದು ಬಿಲದ ಪ್ರಾಣಿಯೊಂದನ್ನು ಎಬ್ಬಿಸಿ ಉತ್ತರ ಕೇಳುತ್ತಾರೆ. ಪಂಚಾಂಗದಲ್ಲಿ ಮಳೆಯ ಕೊಳಗ ಎಣಿಸುವ ನಾವು ನಗುವ ಹಾಗಿಲ್ಲ.

ಆ ಪ್ರಾಣಿಯ ಹಬ್ಬ ಶುರುವಾದ ಮರುವರ್ಷವೇ, 1888ರ ಮಾರ್ಚ್ 11ರಿಂದ 14ರವರೆಗೆ, ಆ ಕರಾವಳಿ ಇಂದಿಗೂ ಮರೆಯದ ಹಿಮಬಿರುಗಾಳಿ ಬಂತು. ಶನಿವಾರ ನ್ಯೂಯಾರ್ಕಿನಲ್ಲಿ ವಸಂತವೇ ಬಂದಂಥ ಹಿತವಾದ ಹವೆ. ಹವಾಮಾನದ ಕೆಲಸ ಆಗ ಸೈನ್ಯದ ಸಂಕೇತ ದಳದ ಕೈಯಲ್ಲಿತ್ತು. ಅವರು ಹೇಳಿದ್ದು ತುಸು ಮಳೆ, ಆಮೇಲೆ ತಿಳಿಯಾದ ಆಕಾಶ. ಭಾನುವಾರದ ಮಳೆ ನಡುರಾತ್ರಿಯ ಹೊತ್ತಿಗೆ ಹಿಮವಾಯಿತು. ನ್ಯೂಯಾರ್ಕಿಗೆ 21 ಅಂಗುಲ, ಆಲ್ಬನಿಗೆ 46 ಅಂಗುಲಕ್ಕೂ ಹೆಚ್ಚು. ಸತ್ತವರು ಸುಮಾರು 400, ಅದರಲ್ಲಿ ಅರ್ಧದಷ್ಟು ಮಂದಿ ನ್ಯೂಯಾರ್ಕಿನವರೇ. ಮಾಜಿ ಸೆನೆಟರ್ ರಾಸ್ಕೊ ಕಾಂಕ್ಲಿಂಗ್ ವಾಲ್ ಸ್ಟ್ರೀಟಿನಿಂದ ಮನೆ ಕಡೆಗೆ ನಡೆದೇ ಹೊರಟು ದಾರಿಯಲ್ಲಿ ಕುಸಿದುಬಿದ್ದರು, ಮತ್ತೆ ಚೇತರಿಸಿಕೊಳ್ಳದೆ ಏಪ್ರಿಲ್‌ನಲ್ಲಿ ತೀರಿಕೊಂಡರು. ತಂತಿ ಕಂಬಗಳೆಲ್ಲ ನೆಲ ಕಚ್ಚಿದ್ದರಿಂದ ಬಾಸ್ಟನ್ನಿಗೂ ನ್ಯೂಯಾರ್ಕಿಗೂ ನಡುವಿನ ಸುದ್ದಿ ಸಾಗರದಡಿಯ ಕೇಬಲ್ಲಿನಲ್ಲಿ ಇಂಗ್ಲೆಂಡನ್ನು ಬಳಸಿಕೊಂಡು ಬರಬೇಕಾಯಿತು. ಕೊಂಕಣ ಸುತ್ತಿ ಮೈಲಾರಕ್ಕೆ ಹೋದ ಗಾದೆ ಅಕ್ಷರಶಃ ನಡೆದದ್ದು ಆಗ. ತಂತಿಗಳನ್ನು ನೆಲದಡಿ ಹೂಳುವುದಕ್ಕೂ ನೆಲದಡಿಯ ರೈಲಿಗೂ ಒತ್ತಾಯ ಬಲವಾದದ್ದು ಆ ಬಳಿಕ. ಮುನ್ಸೂಚನೆ ಕೊಟ್ಟವರನ್ನು ಜನ ಚೆನ್ನಾಗಿ ಬೈದರು. ಆದರೆ ಬಿರುಗಾಳಿ ಬಲಿತದ್ದು ಕಡಲ ಮೇಲೆ, ಅವರ ಕಣ್ಣುಗಳಿದ್ದದ್ದು ನೆಲದ ಮೇಲೆ ಮಾತ್ರ.

ಸೈನ್ಯದಿಂದ ಕೆಲಸ ಕಿತ್ತು ಕೃಷಿ ಇಲಾಖೆಯಡಿ ಹವಾಮಾನ ಕಚೇರಿ ಕಟ್ಟಿದರೂ ಮಾರ್ಚ್ ಪಳಗಲಿಲ್ಲ. 1909ರ ಮಾರ್ಚ್ 4ರಂದು ವಾಷಿಂಗ್ಟನ್ನಿನಲ್ಲಿ ಟ್ಯಾಫ್ಟ್ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸುವ ದಿನ. ಹವೆ ತಿಳಿಯಾಗುತ್ತದೆ ಎಂದಿತ್ತು ಕಚೇರಿ. ಬಿದ್ದದ್ದು 9.8 ಅಂಗುಲ ಹಿಮ. ಸಮಾರಂಭವನ್ನು ಸೆನೆಟ್ ಸಭಾಂಗಣದೊಳಕ್ಕೆ ಒಯ್ದರು. ಮೆರವಣಿಗೆಯ ದಾರಿ ಬಿಡಿಸಲು ಆರು ಸಾವಿರ ಕೂಲಿಗಳು ಸಲಿಕೆ ಹಿಡಿದರು.

ಒಂದು ಬಿರುಗಾಳಿ ಹೇಗೆ ಹುಟ್ಟಿ ಬೆಳೆಯುತ್ತದೆ ಎಂಬುದರ ಚಿತ್ರ ಸಿಕ್ಕಿದ್ದು ನಾರ್ವೆಯ ಬರ್ಗೆನ್ನಿನಲ್ಲಿ. ತಣ್ಣನೆಯ ಗಾಳಿಯೂ ಬೆಚ್ಚನೆಯ ಗಾಳಿಯೂ ಮುಖಾಮುಖಿಯಾಗುವ ಗಡಿಯಲ್ಲಿ ಸುಳಿ ಏಳುತ್ತದೆಂದು ಯಾಕೊಬ್ ಬ್ಯರ್ಕ್‌ನೆಸ್ 1919ರಲ್ಲಿ ತೋರಿಸಿದ. ನಮ್ಮ ಪ್ರಶ್ನೆಯ ಬೇರು ಇರುವುದು ಇಲ್ಲಿಯೇ. ಸುಳಿಗೆ ಬಲ ಬರುವುದು ಶೀತ ಮತ್ತು ಶಾಖಗಳ ನಡುವಿನ ಅಂತರದಿಂದ. ಮಾರ್ಚಿನಲ್ಲಿ ಕೆನಡಾದ ಉತ್ತರ ಭಾಗ ಇನ್ನೂ ಕೊರೆಯುತ್ತಿರುತ್ತದೆ, ಮೆಕ್ಸಿಕೊ ಕೊಲ್ಲಿಯ ಕಡೆ ಆಗಲೇ ಬಿಸಿಲೇರಿರುತ್ತದೆ. ನಡುವೆ ಸಿಕ್ಕ ಕರಾವಳಿಗೆ ನೆಮ್ಮದಿ ಎಲ್ಲಿಂದ? ಇಡೀ ಚಳಿಗಾಲದ ಸರಾಸರಿ ತಾಪಮಾನ ಬೆಚ್ಚಗಿರಲಿ, ತಣ್ಣಗಿರಲಿ, ಬಿರುಗಾಳಿ ಆ ಸರಾಸರಿಯನ್ನು ಕೇಳಿಕೊಂಡು ಬರುವುದಿಲ್ಲ. ಅದಕ್ಕೆ ಬೇಕಾದದ್ದು ಮೂವತ್ತಾರು ಗಂಟೆಗಳ ಕೊರೆತ ಮತ್ತು ಆ ಹೊತ್ತಿಗೆ ಸರಿಯಾಗಿ ಒದಗುವ ತೇವ.

1946ರಲ್ಲಿ ಮಿಲ್ಲರ್ ಎಂಬ ವಿಜ್ಞಾನಿ ಈ ಕರಾವಳಿಯ ಬಿರುಗಾಳಿಗಳನ್ನು ಎರಡು ಜಾತಿ ಮಾಡಿದ. ಒಂದು, ಕೊಲ್ಲಿಯ ಕಡೆ ಹುಟ್ಟಿ ನೇರ ಕರಾವಳಿ ಹಿಡಿದು ಮೇಲೇರುವುದು. ಇನ್ನೊಂದು, ಅಪಲಾಚಿಯನ್ ಬೆಟ್ಟಗಳ ಹಿಂದೆ ಸಾಯುತ್ತ ಬೆಟ್ಟ ದಾಟಿದ ಮೇಲೆ ಕಡಲಂಚಿನಲ್ಲಿ ಮರುಹುಟ್ಟು ಪಡೆಯುವುದು. ಹವಾಮಾನದವರು ಇವತ್ತಿಗೂ ಮಿಲ್ಲರ್ ಎ, ಮಿಲ್ಲರ್ ಬಿ ಅನ್ನುತ್ತಾರೆ. ಎರಡನೆಯದೇ ತಲೆನೋವು. ಮರುಹುಟ್ಟು ನೂರು ಕಿಲೋಮೀಟರ್ ಆಚೀಚೆ ಆದರೆ ಒಂದು ಊರಿಗೆ ಎರಡಡಿ ಹಿಮ, ಪಕ್ಕದ ಊರಿಗೆ ಬರಿಯ ಜಡಿಮಳೆ.

ಈ ಚರಿತ್ರೆಯಲ್ಲಿ ನನಗೆ ಬಲು ಇಷ್ಟವಾದ ತಿರುವು ನಮ್ಮ ದೇಶದ್ದು. ಹಿಮದ ಸಂಭವ ಲೆಕ್ಕ ಹಾಕುವ ಒಂದು ಮುಖ್ಯ ಸಾಧನ ಸಿಕ್ಕಿದ್ದು ಮುಂಗಾರು ಮಳೆಯ ಬೆನ್ನು ಹತ್ತಿದವನಿಗೆ. ಗಿಲ್ಬರ್ಟ್ ವಾಕರ್ ಕೇಂಬ್ರಿಜ್‌ನ ಗಣಿತಜ್ಞ, ಬೂಮರಾಂಗ್ ಎಸೆಯುವ ಹುಚ್ಚಿನವ. 1899ರ ಬರಗಾಲದ ನೆನಪು ಹಸಿಯಾಗಿದ್ದ ಕಾಲದಲ್ಲಿ, 1904ರಲ್ಲಿ, ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾದ. ಮುಂಗಾರು ಯಾವ ವರ್ಷ ಕೈಕೊಡುತ್ತದೆಂದು ಮೊದಲೇ ತಿಳಿಯಬೇಕಿತ್ತು. ಲೋಕದ ನಾನಾ ಊರುಗಳ ವಾಯುಭಾರ, ಮಳೆ, ತಾಪಮಾನದ ಅಂಕಿಗಳನ್ನು ತರಿಸಿ, ಯಾವುದಕ್ಕೂ ಯಾವುದಕ್ಕೂ ನಂಟಿದೆಯೆಂದು ಗುಮಾಸ್ತರ ಕೈಯಲ್ಲಿ ಲೆಕ್ಕ ಹಾಕಿಸಿದ. ಕಂಪ್ಯೂಟರ್ ಎಂಬ ಪದ ಆಗ ಮನುಷ್ಯರಿಗೆ ಸಲ್ಲುತ್ತಿತ್ತು. ವರ್ಷಗಟ್ಟಲೆಯ ಆ ದುಡಿಮೆಯಿಂದ ಮುಂಗಾರಿನ ಕೀಲಿ ಪೂರ್ತಿ ಸಿಗಲಿಲ್ಲ. ಸಿಕ್ಕಿದ್ದು ವಾಯುಭಾರದ ಮೂರು ದೊಡ್ಡ ಜೋಕಾಲಿಗಳು. ದಕ್ಷಿಣದ ಆಂದೋಲನ ಮುಂದೆ ಎಲ್ ನಿನೊ ಜೊತೆ ಸೇರಿಕೊಂಡಿತು. ಉತ್ತರ ಅಟ್ಲಾಂಟಿಕ್ ಆಂದೋಲನ ನ್ಯೂಯಾರ್ಕಿನ ಹಿಮಕ್ಕೆ ಗಂಟುಬಿತ್ತು. ಮೂರನೆಯದು ಉತ್ತರ ಪೆಸಿಫಿಕ್ಕಿನದು.

ಅಟ್ಲಾಂಟಿಕ್ಕಿನ ಜೋಕಾಲಿಯ ಒಂದು ತುದಿ ಐಸ್‌ಲ್ಯಾಂಡ್ ಬಳಿಯ ಕಡಿಮೆ ವಾಯುಭಾರ, ಇನ್ನೊಂದು ತುದಿ ಅಝೋರ್ಸ್ ದ್ವೀಪಗಳ ಹೆಚ್ಚಿನ ವಾಯುಭಾರ. ಎರಡೂ ಬಲವಾಗಿದ್ದರೆ ಪಶ್ಚಿಮದ ಗಾಳಿ ರಭಸವಾಗಿ ಬೀಸಿ ಬಿರುಗಾಳಿಗಳನ್ನು ಕಡಲಿಗೆ ಅಟ್ಟುತ್ತದೆ. ಎರಡೂ ಸೊರಗಿದಾಗ ಗ್ರೀನ್‌ಲ್ಯಾಂಡ್ ಮೇಲೆ ಗಾಳಿಯ ಗುಡ್ಡವೊಂದು ಅಡ್ಡ ಕೂರುತ್ತದೆ. ತಣ್ಣನೆಯ ಗಾಳಿ ಹೊರಹೋಗಲಾರದೆ ಅಮೆರಿಕದ ಪೂರ್ವಕ್ಕೆ ಇಳಿಯುತ್ತದೆ, ಬಿರುಗಾಳಿಯೂ ನಿಧಾನವಾಗಿ ಕರಾವಳಿಗೆ ಒರಗಿಕೊಂಡು ನಡೆಯುತ್ತದೆ. ಗ್ರೀನ್‌ಲ್ಯಾಂಡಿನಲ್ಲಿ ಚಳಿ ಕಡುವಾದರೆ ಡೆನ್ಮಾರ್ಕಿನಲ್ಲಿ ಹಗುರ, ಅಲ್ಲಿ ಹಗುರವಾದರೆ ಇಲ್ಲಿ ಕಡು ಎಂದು ಹದಿನೆಂಟನೇ ಶತಮಾನದಲ್ಲೇ ಡೇನಿಶ್ ಪಾದ್ರಿಯೊಬ್ಬ ದಿನಚರಿಯಲ್ಲಿ ಬರೆದಿಟ್ಟಿದ್ದ. ವಾಕರ್ ಅದಕ್ಕೆ ಅಂಕಿಯ ಮೈ ಕೊಟ್ಟ.

ಕಂಪ್ಯೂಟರ್ ಯಂತ್ರವಾದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. 1950ರಲ್ಲಿ ಚಾರ್ನಿ, ವಾನ್ ನಾಯ್ಮನ್ ಬಳಗ ಎನಿಯಾಕ್ ಯಂತ್ರದಲ್ಲಿ ಮೊದಲ ಮುನ್ಸೂಚನೆ ಲೆಕ್ಕ ಹಾಕಿತು. 1963ರಲ್ಲಿ ಲೊರೆಂಝ್, ಆರಂಭದ ಕಿರುದೋಷವೂ ಬೆಳೆದು ಲೆಕ್ಕವನ್ನು ಕೆಡಿಸುತ್ತದೆಂದು ತೋರಿಸಿ ಉತ್ಸಾಹಕ್ಕೆ ಲಗಾಮು ಹಾಕಿದ. 1979ರ ಫೆಬ್ರವರಿಯಲ್ಲಿ ಅಧ್ಯಕ್ಷರ ದಿನದ ರಜೆಯಂದು ವಾಷಿಂಗ್ಟನ್ ಮೇಲೆ 18.7 ಅಂಗುಲ ಹಿಮ ಬಿದ್ದಾಗ ಯಂತ್ರಗಳು ಅದನ್ನು ಸರಿಯಾಗಿ ಕಂಡಿರಲೇ ಇಲ್ಲ. ಆ ಸೋಲನ್ನು ಕೆದಕಿದವರಿಂದಲೇ ಈ ಶಾಸ್ತ್ರ ಬೆಳೆಯಿತು. ಲಾನ್ಸ್ ಬೋಸಾರ್ಟ್ ಆ ಒಂದೇ ಬಿರುಗಾಳಿಯನ್ನು ಬಿಡಿಸಿ ನೋಡಿದರು. ಪಾಲ್ ಕೊಸಿನ್, ಲೂಯಿ ಉಚೆಲಿನಿ ಹತ್ತಾರು ಬಿರುಗಾಳಿಗಳ ನಕ್ಷೆಗಳನ್ನು ಒಟ್ಟುಹಾಕಿ ಗ್ರಂಥ ಬರೆದರು.

ಫಲ ಕಂಡದ್ದು 1993ರ ಮಾರ್ಚಿನಲ್ಲಿ. ಅಲಬಾಮದಿಂದ ಕೆನಡಾದವರೆಗೆ ಹಿಮ ಹಾಸಿದ ಆ ಮಹಾಬಿರುಗಾಳಿಯನ್ನು ಐದು ದಿನ ಮೊದಲೇ ಹೇಳಿದ್ದರು. ಒಂದು ಹನಿಯೂ ಬೀಳುವ ಮುಂಚೆ ರಾಜ್ಯಗಳು ತುರ್ತುಸ್ಥಿತಿ ಸಾರಿದವು. ಹಾಗಂತ ಸಾವು ತಪ್ಪಲಿಲ್ಲ. ದಕ್ಷಿಣದಲ್ಲಿ, ಫ್ಲಾರಿಡ ತೀರದಲ್ಲಿ, ಮಾರ್ಚಿನಲ್ಲಿ ಏನಾದೀತು ಎಂದುಕೊಂಡವರು ಬಹಳ. ನಾಲ್ಕು ವರ್ಷ ಕಳೆದು 1997ರ ಈಸ್ಟರ್ ಭಾನುವಾರ ಬಾಸ್ಟನ್ನಿನಲ್ಲಿ ಅಂಗಿ ತೋಳು ಮಡಚುವಂಥ ಬಿಸಿಲು. ಮಂಗಳವಾರ, ಏಪ್ರಿಲ್ ಒಂದರ ಹೊತ್ತಿಗೆ 25.4 ಅಂಗುಲ ಹಿಮ. ಮೂರ್ಖರ ದಿನವಾದ್ದರಿಂದ ನಂಬದವರೂ ಇದ್ದಿರಬೇಕು.

ಐದು ದಿನದ ಮಾತು ಇಷ್ಟಾದರೆ ಐದು ವಾರದ ಮಾತೇನು? ಅಲ್ಲಿಗೆ ಎಲ್ ನಿನೊ ಬರುತ್ತದೆ. ಪೆಸಿಫಿಕ್ ಬಿಸಿಯೇರಿದ ವರ್ಷಗಳಲ್ಲಿ ಈಶಾನ್ಯದ ಡಿಸೆಂಬರ್ ಸಾಮಾನ್ಯವಾಗಿ ಬೆಚ್ಚಗಿರುತ್ತದೆ. ಆದರೆ ದಕ್ಷಿಣದ ಗಾಳಿಹಾದಿ ತೇವದಿಂದ ತುಂಬಿರುತ್ತದೆ. ಮೂರು ಪ್ರಬಲ ಎಲ್ ನಿನೊಗಳನ್ನು ನ್ಯೂಯಾರ್ಕಿನ ಕಿಟಕಿಯಿಂದ ನೋಡಿ. 1982–83ರಲ್ಲಿ ಚಳಿಗಾಲ ಸಪ್ಪೆಯಾಗಿ ಸಾಗಿ ಫೆಬ್ರವರಿ 11–12ರಂದು ಒಂದೇ ಏಟಿಗೆ 17.6 ಅಂಗುಲ. 1997–98ರಲ್ಲಿ ಇಡೀ ಕಾಲಕ್ಕೆ 5.5 ಅಂಗುಲ, ಅದರಲ್ಲೂ 5 ಅಂಗುಲ ಬಿದ್ದದ್ದು ಮಾರ್ಚ್ 22ರಂದು. 2015ರ ಕ್ರಿಸ್ಮಸ್ ಮುನ್ನಾದಿನ 72 ಡಿಗ್ರಿ ಫ್ಯಾರನ್‌ಹೀಟ್, ಮರು ಜನವರಿ 22–24ರ ಬಿರುಗಾಳಿಯಲ್ಲಿ 27.5 ಅಂಗುಲ. ಒಂದೇ ಎಲ್ ನಿನೊ, ಮೂರು ಉತ್ತರ.

ಆ 27.5 ಅಂಗುಲ ಸೆಂಟ್ರಲ್ ಪಾರ್ಕಿನ ದಾಖಲೆ. ಅದು ಮುರಿದ ಹಳೆಯ ದಾಖಲೆ 2006ರ ಫೆಬ್ರವರಿಯ 26.9 ಅಂಗುಲ. 2006ರ ಜನವರಿ ಅಮೆರಿಕಕ್ಕೆ ಅದುವರೆಗಿನ ಅತಿ ಬೆಚ್ಚನೆಯ ಜನವರಿ, 2015ರ ಡಿಸೆಂಬರ್ ಅದುವರೆಗಿನ ಅತಿ ಬೆಚ್ಚನೆಯ ಡಿಸೆಂಬರ್. ನೂರೈವತ್ತು ವರ್ಷಗಳ ಕಡತದಲ್ಲಿ ಎದ್ದುಕಾಣುವ ಈ ಎರಡೂ ಬಿರುಗಾಳಿ ಹಿಮವೇ ಇಲ್ಲವೆಂದು ಜನ ಗೊಣಗುತ್ತಿದ್ದ ಚಳಿಗಾಲಗಳಲ್ಲೇ ಬಂದವು. ಇದರಲ್ಲಿ ಆಕಸ್ಮಿಕದ ಪಾಲು ಇದ್ದೇ ಇದೆ. ಜೊತೆಗೆ ಭೌತಶಾಸ್ತ್ರವೂ ಇದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಬಿರುಗಾಳಿಯ ತಣ್ಣನೆಯ ಮಗ್ಗುಲು ಘನೀಭವನದ ಗೆರೆಯಿಂದ ಒಂದು ಕೂದಲು ಕೆಳಗಿದ್ದರೆ ಆ ತೇವವೆಲ್ಲ ಹಿಮ. ಕೂದಲು ಮೇಲಿದ್ದರೆ ಮಳೆ.

ಇನ್ನು ಆಕಾಶದ ಮೇಲಂತಸ್ತು. 1952ರಲ್ಲಿ ಬರ್ಲಿನ್‌ನ ರಿಚರ್ಡ್ ಶೆರ್‌ಹಾಗ್ ಬಲೂನುಗಳ ವರದಿ ನೋಡುತ್ತಿದ್ದಾಗ, ನಡುಚಳಿಗಾಲದಲ್ಲಿ ಬಹಳ ಎತ್ತರದ ಗಾಳಿ ಕೆಲವೇ ದಿನಗಳಲ್ಲಿ ಹತ್ತಾರು ಡಿಗ್ರಿ ಬಿಸಿಯಾದದ್ದು ಕಂಡಿತು. ಕೆಳಗಿನ ಬೃಹತ್ ಅಲೆಗಳು ಸ್ತರಗೋಳಕ್ಕೆ ಏರಿ, ಧ್ರುವದ ಸುತ್ತ ತಿರುಗುವ ಶೀತದ ಸುಳಿಯನ್ನು ಮುರಿಯುತ್ತವೆ ಎಂದು 1971ರಲ್ಲಿ ಜಪಾನಿನ ಮತ್ಸುನೊ ಕಾರಣ ಕೊಟ್ಟರು. ಅಷ್ಟೆತ್ತರದ ಗದ್ದಲ ನೆಲದವರಿಗೇಕೆ? 2001ರಲ್ಲಿ ಬಾಲ್ಡ್‌ವಿನ್, ಡಂಕರ್ಟನ್ ಉತ್ತರ ಹೇಳಿದರು. ಆ ಕದಲಿಕೆ ವಾರಗಟ್ಟಲೆ ಕೆಳಕ್ಕೆ ಇಳಿಯುತ್ತ, ವಾಕರನ ಜೋಕಾಲಿಯನ್ನು ಒಂದು ಕಡೆಗೆ ವಾಲಿಸಿ, ಎರಡು ತಿಂಗಳವರೆಗೂ ನಿಲ್ಲಬಲ್ಲದು. ಹತ್ತು ವರ್ಷದಲ್ಲಿ ಸರಿಸುಮಾರು ಆರು ಸಲ ಹೀಗಾಗುತ್ತದೆ, ಬಹುಮಟ್ಟಿಗೆ ಜನವರಿ ಫೆಬ್ರವರಿಗಳಲ್ಲಿ. ವಾರಗಳ ವಿಳಂಬ ಕೂಡಿಸಿದರೆ ಫಲ ಬೀಳುವುದು ಫೆಬ್ರವರಿ ಕೊನೆಗೆ, ಮಾರ್ಚಿಗೆ.

2018ರ ಫೆಬ್ರವರಿ 12ರಂದು, ಶಿವರಾತ್ರಿಯ ಆಸುಪಾಸಿಗೆ, ಆ ಸುಳಿ ಮುರಿದಿತ್ತು. ನನ್ನ ತಮ್ಮ ಸಲಿಕೆ ಒಳಗಿಡುವ ಹೊತ್ತಿಗೆ ಅದರ ಸುದ್ದಿ ಮೇಲಿನಿಂದ ಇಳಿಯುತ್ತಲೇ ಇತ್ತು. ತಿಂಗಳ ಕೊನೆಗೆ ಯುರೋಪು ಮರಗಟ್ಟಿತು, ಮಾರ್ಚಿನಲ್ಲಿ ಅಮೆರಿಕದ ಸರದಿ. ಹವಾಮಾನದವರು ಮುಂಚಿತವಾಗಿಯೇ, ಆಟ ಇನ್ನೂ ಇದೆ ಅಂದಿದ್ದರು.

ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಚಂದವಿರುತ್ತಿತ್ತು. 2023ರ ಫೆಬ್ರವರಿ 16ರಂದು ಸುಳಿ ಮತ್ತೆ ಮುರಿಯಿತು. ಆ ಚಳಿಗಾಲದಲ್ಲಿ ನ್ಯೂಯಾರ್ಕಿನಲ್ಲಿ ಅಳತೆಗೆ ಸಿಗುವಷ್ಟು ಹಿಮ ಮೊದಲು ಬಿದ್ದದ್ದೇ ಫೆಬ್ರವರಿ ಒಂದಕ್ಕೆ. ಹಿಮಪ್ರಿಯರ ಆಸೆಯೆಲ್ಲ ಮಾರ್ಚಿನ ಮೇಲೆ. ಮಾರ್ಚ್ 14ರ ಸುಮಾರಿಗೆ ಬಿರುಗಾಳಿಯೂ ಬಂತು. ವರ್ಮಾಂಟಿನ ಬೆಟ್ಟಗಳ ಮೇಲೆ ಮೂರಡಿಗೂ ಮೀರಿ ಸುರಿಯಿತು, ಕರಾವಳಿಯ ಗಾಳಿ ಒಂದೆರಡು ಡಿಗ್ರಿ ಬೆಚ್ಚಗಿದ್ದು ನಗರಕ್ಕೆ ಬಂದದ್ದು ಮಳೆ. ಆ ಇಡೀ ಚಳಿಗಾಲದಲ್ಲಿ ಸೆಂಟ್ರಲ್ ಪಾರ್ಕಿಗೆ ಬಿದ್ದದ್ದು 2.3 ಅಂಗುಲ, 1869ರಿಂದ ಲೆಕ್ಕವಿಟ್ಟ ಮೇಲೆ ಎಲ್ಲಕ್ಕಿಂತ ಕಡಿಮೆ. ವಾಡಿಕೆ 30 ಅಂಗುಲದ ಆಜುಬಾಜು, ಅದರಲ್ಲಿ ಮಾರ್ಚಿನ ಪಾಲು ಸುಮಾರು ಐದು. ವಾಡಿಕೆ ಎಂಬ ಪದವನ್ನು ನಮ್ಮ ಮಳೆ ವರದಿಗಳಲ್ಲಿ ಓದುವಾಗಲೂ ನನಗೆ ಅನುಮಾನ. ಮಾರ್ಚಿನ ಆ ಐದು ಅಂಗುಲ ಯಾವ ವರ್ಷವೂ ಐದಾಗಿ ಬರುವುದು ಅಪರೂಪ. ಬಂದರೆ ಹನ್ನೆರಡು, ಬರದಿದ್ದರೆ ಸೊನ್ನೆ.

ಹಾಗಾಗಿ ಈಚಿನ ಮುನ್ಸೂಚನೆಗಳ ಧಾಟಿಯೇ ಬೇರೆಯಾಗಿದೆ. 1992ರ ಕೊನೆಯಿಂದ, ಆರಂಭದ ಅಂಕಿಗಳನ್ನು ತುಸುತುಸು ಬದಲಿಸಿ ಒಂದೇ ಲೆಕ್ಕವನ್ನು ಹತ್ತಾರು ಸಲ ಓಡಿಸುವ ಪದ್ಧತಿ ಬಂದಿತ್ತು. ಆದರೂ 2015ರ ಜನವರಿಯಲ್ಲಿ ನ್ಯೂಯಾರ್ಕಿಗೆ ಎರಡಡಿ ಎಂದು ಘೋಷಿಸಿ, ಸುರಂಗರೈಲನ್ನೂ ನಿಲ್ಲಿಸಿ, ಕೊನೆಗೆ ಬಿದ್ದದ್ದು 9.8 ಅಂಗುಲ. ಬಿರುಗಾಳಿ ಇನ್ನಷ್ಟು ಪೂರ್ವಕ್ಕೆ ಸರಿದಿತ್ತು. ಫಿಲಡೆಲ್ಫಿಯ ಭಾಗದ ಮುನ್ಸೂಚನೆ ನೋಡಿಕೊಳ್ಳುತ್ತಿದ್ದ ಗ್ಯಾರಿ ಝಟ್ಕೊವ್ಸ್ಕಿ ಟ್ವಿಟರಿನಲ್ಲಿ ಜನರ ಕ್ಷಮೆ ಕೇಳಿದರು. ಅಧಿಕಾರಿಯೊಬ್ಬ ಹಾಗೆ ಕೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಈಗ ಹಿಮದ ನಕ್ಷೆಯ ಜೊತೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಆರಂಗುಲ ಮೀರುವ ಸಂಭವ ಶೇಕಡ ಎಷ್ಟು ಎಂಬ ಕೋಷ್ಟಕವೂ ಬರುತ್ತದೆ. ಓದುವವರು ಗರಿಷ್ಠದ ಅಂಕಣವನ್ನಷ್ಟೇ ಓದಿ ಅಂಗಡಿಗೆ ಓಡಿ ಹಾಲು ಬ್ರೆಡ್ಡು ಖಾಲಿ ಮಾಡುತ್ತಾರೆ ಎಂಬುದು ತಮ್ಮನ ದೂರು.

ಅವನೂ ಓಡುತ್ತಾನೆ. 2018 ಆದಮೇಲೆ ಏಪ್ರಿಲ್ 15ರ ತೆರಿಗೆ ಗಡುವು ಮುಗಿಯುವವರೆಗೆ ಸಲಿಕೆಯನ್ನು ಬಾಗಿಲ ಬಳಿಯಿಂದ ಕದಲಿಸುವುದಿಲ್ಲ. 2023ರಲ್ಲಿ ಅದು ಅಲ್ಲೇ ಒರಗಿ ನಿಂತಿತ್ತು, ಪಕ್ಕದಲ್ಲಿ ಬಾಯಿ ಬಿಚ್ಚದ ಒಂದು ಚೀಲ ಕಲ್ಲುಪ್ಪು. ಜುಲೈಯಲ್ಲಿ ವೀಡಿಯೊ ಕಾಲ್ ಮಾಡಿದಾಗ ಆ ಚೀಲ ತೋರಿಸಿದ. ಸೆಕೆಗೆ ಉಪ್ಪು ಒದ್ದೆಯಾಗಿ ಒಂದೇ ಗಟ್ಟಿಯಾಗಿತ್ತು.